ಕಣ್ಣೂರಿನ ಕೈಮಗ್ಗದ ಅಡುಗೆಮನೆ ವಸ್ತ್ರಗಳು: ಎಂಟು ತಿಂಗಳ ಬಳಕೆಯ ನಂತರ

ನಮ್ಮ ಮನೆಯಲ್ಲಿ ಹಳೆಯ ಸೀರೆ ಮತ್ತು ಸವೆದ ಪಂಚೆಗಳ ತುಂಡುಗಳೇ ಮಸಿಬಟ್ಟೆಯಾಗುತ್ತಿದ್ದವು. ಒಲೆಯಿಂದ ಪಾತ್ರೆ ಇಳಿಸುವುದಕ್ಕೂ ಕಟ್ಟೆ ಒರೆಸುವುದಕ್ಕೂ ಅವೇ ಸಾಕಾಗಿದ್ದವು. ಹೀಗಿರುವಾಗ ತೊಳೆದ ಪಾತ್ರೆ ಒರೆಸುವುದಕ್ಕೆಂದೇ ಬಣ್ಣದ ಅಂಚಿನ ಕೈಮಗ್ಗದ ವಸ್ತ್ರಗಳನ್ನು ದುಡ್ಡು ಕೊಟ್ಟು ತರಬೇಕೇ ಎಂಬ ಪ್ರಶ್ನೆ ಎದ್ದದ್ದು ಸಹಜ. ಮಂಗಳೂರಿನ ಅಂಗಡಿಯೊಂದರಲ್ಲಿ ಕೇರಳದ ಕಣ್ಣೂರಿನ ನೇಯ್ಗೆಯ ನಾಲ್ಕು ವಸ್ತ್ರಗಳನ್ನು 520 ರೂಪಾಯಿಗೆ ಕೊಂಡು, ಎಂಟು ತಿಂಗಳು ದಿನವೂ ಬಳಸಿದ ಮೇಲೆ, ತರಬೇಕು ಎಂದೇ ನನ್ನ ಉತ್ತರ.

ನಾಲ್ಕರಲ್ಲಿ ಎರಡು ಜೇನುಗೂಡು ನೇಯ್ಗೆಯವು. ಉಳಿದೆರಡು ನಮ್ಮ ಕರಾವಳಿಯ ಬೈರಾಸು ಎಂಬ ಟವೆಲಿನಂತೆ ತೆಳುವಾದ ಸಾದಾ ನೇಯ್ಗೆಯವು. ಸಾದಾ ನೇಯ್ಗೆಯಲ್ಲಿ ಅಡ್ಡಲಾಗಿ ಹಾಯುವ ಹೊಕ್ಕಿನ ನೂಲು, ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಹಾಸಿನ ಒಂದೊಂದೇ ಎಳೆಯ ಮೇಲೆ ಕೆಳಗೆ ದಾಟುತ್ತ ಸಾಗುತ್ತದೆ. ಜೇನುಗೂಡಿನಲ್ಲಿ ಹಾಸು ಹೊಕ್ಕುಗಳೆರಡೂ ಅಲ್ಲಲ್ಲಿ ಹಲವು ಎಳೆಗಳನ್ನು ಒಮ್ಮೆಗೇ ಹಾಯ್ದು ಹೋಗುವುದರಿಂದ ಬಟ್ಟೆಯ ತುಂಬ ಪುಟ್ಟ ಚೌಕದ ಗುಳಿಗಳೂ ಅವುಗಳ ಸುತ್ತ ಏರುಗಳೂ ಮೂಡುತ್ತವೆ. ಹೀಗೆ ಸಡಿಲವಾಗಿ ನಿಂತ ನೂಲು ನೀರನ್ನು ಬೇಗ ಹೀರಿಕೊಳ್ಳುತ್ತದೆ; ಗುಳಿಗಳಲ್ಲಿ ಗಾಳಿಯಾಡುವುದರಿಂದ ಮಳೆಗಾಲದಲ್ಲೂ ಮುಗ್ಗಲು ವಾಸನೆ ಹಿಡಿಯಲಿಲ್ಲ. ಕಣ್ಣಿಗೆ ಅಲಂಕಾರವಾಗಿ ಕಾಣುವ ಆ ಚೌಕಗಳೇ ಒರೆಸುವ ಕೆಲಸವನ್ನೂ ಮಾಡುತ್ತವೆ ಎಂಬುದು ನನಗೆ ಬಹಳ ಮೆಚ್ಚುಗೆಯಾಯಿತು. ಹಣ್ಣು ಹೂವುಗಳನ್ನು ಅಚ್ಚೊತ್ತಿದ, ನಾನು ಹಿಂದೆ ತಂದಿದ್ದ ವಸ್ತ್ರಗಳು ನೀರನ್ನು ಪಾತ್ರೆಯ ಮೇಲೆಯೇ ಸವರುತ್ತಿದ್ದವು.

ಸಾದಾ ನೇಯ್ಗೆಯವು ಎಳೆ ಬಿಡುವುದಿಲ್ಲವಾದ್ದರಿಂದ ಗಾಜಿನ ಲೋಟ ಒರೆಸಲು, ಮೊಸರು ಸೋಸಲು, ನಾದಿದ ಹಿಟ್ಟಿನ ಮೇಲೆ ಮುಚ್ಚಲು ಹೇಳಿ ಮಾಡಿಸಿದಂತಿವೆ.

ಆದರೆ ಹೊಸತರಲ್ಲಿಯೇ ತೀರ್ಮಾನಕ್ಕೆ ಬರಬಾರದು. ನೇಯುವಾಗ ಹಾಸಿನ ನೂಲು ಹರಿಯದಿರಲೆಂದು ಹಚ್ಚಿದ ಗಂಜಿ ಬಟ್ಟೆಯಲ್ಲಿ ಉಳಿದಿರುವುದರಿಂದ ಮೊದಲು ಅದು ನೀರನ್ನು ಹೀರುವುದಿಲ್ಲ. ಒಂದು ರಾತ್ರಿ ನೆನೆಸಿಟ್ಟು, ಮೂರು ನಾಲ್ಕು ಬಾರಿ ಒಗೆದ ಮೇಲೆಯೇ ಅದರ ಗುಣ ತಿಳಿಯುತ್ತದೆ. ಬಟ್ಟೆ ಮೆತ್ತಗಾಗಿಸುವ ದ್ರವವನ್ನು ಹಾಕಲೇಬೇಡಿ, ಅದು ನೂಲಿನ ಮೇಲೆ ಪದರವಾಗಿ ಕೂತು ಹೀರುವ ಗುಣವನ್ನು ಕುಗ್ಗಿಸುತ್ತದೆ. ಒಗೆದ ಮೇಲೆ ಜೇನುಗೂಡಿನವು ಉದ್ದದಲ್ಲಿ ಎರಡು ಬೆರಳಿನಷ್ಟು ಕುಗ್ಗಿದವು. ಅರಿಸಿನದ ಕಲೆ ನಾಲ್ಕಾರು ದಿನದ ಬಿಸಿಲಿಗೆ ಬಹುಪಾಲು ಮಾಸಿತು. ಬೇಸರವಾದದ್ದು ಒಂದೇ ಸಂಗತಿಗೆ: ಒಂದು ಸಾದಾ ವಸ್ತ್ರದ ಕೆಂಪು ಅಂಚು ಮೊದಲ ಒಗೆತಕ್ಕೇ ಬಣ್ಣ ಬಿಟ್ಟು ಬಿಳಿಯ ಮೈಯೆಲ್ಲ ನಸುಗೆಂಪಾಯಿತು. ಬೇರೆಯಾಗಿ ಒಗೆಯಬೇಕೆಂದು ಅಂಗಡಿಯವರು ಒಂದು ಮಾತು ಹೇಳಿದ್ದರೆ ಈ ನಷ್ಟ ತಪ್ಪುತ್ತಿತ್ತು. ನೀಲಿ ಮತ್ತು ಹಸಿರು ಅಂಚುಗಳು ಇಂದಿಗೂ ಗಟ್ಟಿಯಾಗಿವೆ.

ಕಣ್ಣೂರಿನ ಗೃಹೋಪಯೋಗಿ ಕೈಮಗ್ಗದ ಬಟ್ಟೆಗಳಿಗೆ ಆ ಊರಿನದೇ ವಿಶಿಷ್ಟ ಉತ್ಪನ್ನವೆಂದು ಗುರುತಿಸುವ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆಯಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮಂಗಳೂರಿನಲ್ಲೂ ಕಣ್ಣೂರಿನಲ್ಲೂ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆ ನೇಯ್ಗೆಯ ಕಾರ್ಖಾನೆಗಳನ್ನು ನಡೆಸಿತ್ತು. ಹಾಗಾಗಿ ಈ ಬಟ್ಟೆ ನಮ್ಮ ಊರಿಗೂ ಪರಕೀಯವಲ್ಲ. 1985ರ ಕೇಂದ್ರ ಕಾಯಿದೆಯಡಿ ಕೈಮಗ್ಗಕ್ಕೆ ಮೀಸಲಿಟ್ಟ ವಸ್ತುಗಳ ಪಟ್ಟಿಯಲ್ಲಿ ಟವೆಲ್ ಕೂಡ ಸೇರಿದೆ. ಆದರೂ ವಿದ್ಯುತ್ ಮಗ್ಗದ ಬಟ್ಟೆ ಕೈಮಗ್ಗದ ಹೆಸರಿನಲ್ಲಿ ಮಾರಾಟವಾಗುವುದುಂಟು. ಆದ್ದರಿಂದ ಬಟ್ಟೆ ಕೈಮಗ್ಗದ್ದೇ ಎಂದು ಸೂಚಿಸುವ, 2006ರಲ್ಲಿ ಜಾರಿಗೆ ಬಂದ ಹ್ಯಾಂಡ್‌ಲೂಮ್ ಮಾರ್ಕ್ ಚೀಟಿ ಇದೆಯೇ ಎಂದು ನೋಡಿ ಕೊಳ್ಳಿರಿ. ಎರಡೇ ವಸ್ತ್ರ ಕೊಳ್ಳುವುದಾದರೆ ಜೇನುಗೂಡು ನೇಯ್ಗೆಯವನ್ನೇ, ನೀಲಿ ಅಂಚಿನಲ್ಲಿ, ತೆಗೆದುಕೊಳ್ಳಿ.