ಹಾವು-ಏಣಿಯೋ, ಲಗೋರಿಯೋ? ಓಣಿ ಮಕ್ಕಳ ಜೊತೆ ಆಡಿಸಿ ನೋಡಿದ ಐದು ಆಟಗಳ ಹೋಲಿಕೆ

ಜೀವನ ಕೌಶಲ ಕಲಿಸೋಕೆ ಆಟವೇ ಸರಿ ಅನ್ನೋದನ್ನ ಈಗ ಯಾರೂ ಅಲ್ಲಗಳೆಯುವುದಿಲ್ಲ. ಯಾವ ಆಟ ಅಂತ ಕೇಳಿದರೆ ಮಾತ್ರ ಮಕ್ಕಳ ಜೊತೆ ಕೆಲಸ ಮಾಡುವ ಬಹುಮಂದಿಯ ಕೈ ಹಾವು-ಏಣಿಯ ದೊಡ್ಡ ಹಾಸಿನ ಕಡೆಗೇ ಹೋಗುತ್ತದೆ. ನೆಲಕ್ಕೆ ಹಾಸಿದರೆ ಫೋಟೊ ಚೆಂದ ಬರುತ್ತದೆ, ವರದಿಗೂ ಸಲ್ಲುತ್ತದೆ. ಹಾಸಿನ ಮೇಲೆ ನಿಂತ ಮಗುವಿಗೆ ಏನು ಸಿಕ್ಕಿತು ಅನ್ನೋದು ಬೇರೆ ಲೆಕ್ಕ.

ಇಲ್ಲಿ ಹೋಲಿಸಿರುವುದು ಹಾವು-ಏಣಿ, ಚೌಕಾಬಾರಾ, ಲಗೋರಿ, ನಿಲ್ಲಿಸಿ ಆಡುವ ನಾಟಕ ಮತ್ತು ನೆಲದ ಮೇಲಿನ ಊರ ನಕ್ಷೆ. ಆಡಿಸಿದ ಜಾಗ ಕಲಬುರಗಿಯ ಓಣಿ, ಯಾದಗಿರಿ ಕಡೆಯ ತಾಂಡಾ, ಬೀದರ್ ಕಡೆಯ ಸಾಲಿ ಅಂಗಳ. ಮಕ್ಕಳ ವಯಸ್ಸು 9ರಿಂದ 14, ಗುಂಪಿನಲ್ಲಿ ಹೆಚ್ಚೂಕಡಿಮೆ 24 ಮಂದಿ, ಹಿರಿಯರು ಇಬ್ಬರು. ಅಳತೆಗೋಲು ಒಂದೇ: ಆಟದಲ್ಲಿ ಮಗು ತಾನೇ ಯೋಚಿಸಿ ತೀರ್ಮಾನ ಮಾಡುವ ಪಾಳಿ ಎಷ್ಟು ಸಲ ಬಂತು? ಒಬ್ಬರು ಪಕ್ಕಕ್ಕೆ ಕೂತು ಹೆಸರಿನ ಮುಂದೆ ಗೀಟು ಹಾಕುತ್ತಾ ಹೋದರೆ ಇದು ತಾನೇ ಗೊತ್ತಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಹೆಸರಿಸಿದ ಹತ್ತು ಜೀವನ ಕೌಶಲಗಳಲ್ಲಿ ತೀರ್ಮಾನ ಕೈಗೊಳ್ಳುವುದು ಒಂದು. ಆದರೆ ಸಮಸ್ಯೆ ಬಿಡಿಸುವುದು, ವಿಮರ್ಶೆಯಿಂದ ಯೋಚಿಸುವುದು, ಇನ್ನೊಬ್ಬರ ಜೊತೆ ಹೊಂದಿಕೊಳ್ಳುವುದು ಎಲ್ಲವೂ ಅದರ ಬೆನ್ನಿಗೇ ಬರುತ್ತವೆ.

ಮೊದಲು ಹಾವು-ಏಣಿ. ನೂರು ಮನೆಯ ಹಾಸು, ಒಂದೊಂದು ಮನೆ ಒಂದಡಿ, ಒಟ್ಟು ಹತ್ತಡಿ ಚೌಕ. 24 ಮಕ್ಕಳು ಒಬ್ಬೊಬ್ಬರಾಗಿ ದಾಳ ಉರುಳಿಸಿ, ಮನೆಯಲ್ಲಿ ಬರೆದಿದ್ದನ್ನು ಓದಿ, ಒಂದು ಮಾತಾಡಲು ತಲಾ ಒಂದು ನಿಮಿಷ ಹಿಡಿಯಿರಿ. ಒಂದು ಸುತ್ತಿಗೇ 24 ನಿಮಿಷ ಹೋಯಿತು. ನಲವತ್ತು ನಿಮಿಷದಲ್ಲಿ ಒಬ್ಬರಿಗೆ ಎರಡು ಪಾಳಿಯೂ ಪೂರ್ತಿ ಸಿಗುವುದಿಲ್ಲ. ಉಳಿದ ಹೊತ್ತು ನಿಲ್ಲೋದು, ತಳ್ಳಾಡೋದು. ಆರಾರು ಮಂದಿಯ ನಾಲ್ಕು ತಂಡ ಮಾಡಿದರೆ ಸುತ್ತು ನಾಲ್ಕು ನಿಮಿಷಕ್ಕೆ ಇಳಿಯುತ್ತದೆ. ಆದರೆ ಆಗ ದಾಳ ತಂಡದ ದೊಡ್ಡ ಹುಡುಗನ ಕೈ ಸೇರಿ ಅಲ್ಲೇ ಉಳಿಯುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಆಟದ ಹೊಟ್ಟೆಯಲ್ಲೇ ಇದೆ. ‘ದಿನಾ ಶಾಲೆಗೆ ಹೋದಳು’ ಅಂದರೆ ಏಣಿ, ‘ಬಾಲ್ಯವಿವಾಹವಾಯಿತು’ ಅಂದರೆ ಹಾವು. ಹುಡುಗಿ ಆ ಹಾವಿನ ಬಾಯಿಗೆ ಬಿದ್ದದ್ದು ದಾಳದಲ್ಲಿ ಐದು ಬಿತ್ತು ಅಂತ. ಅವಳು ಮಾಡಿದ್ದು ಏನೂ ಇಲ್ಲ, ಮಾಡಬಹುದಾದ್ದೂ ಏನಿಲ್ಲ. ಎಲ್ಲಾ ಹಣೆಬರಹ ಅಂತ ಮನೆಯಲ್ಲಿ ಕೇಳಿದ ಮಾತನ್ನೇ ಆಟವೂ ಹೇಳಿದಂತಾಯಿತು. ಅಕ್ಕನಿಗೆ ಹದಿನೈದಕ್ಕೇ ಮದುವೆಯಾದ ಮನೆಯ ಮಗು ಹಾಸಿನ ಆ ಹಾವಿನ ಮನೆಯ ಮೇಲೆ ನಿಂತು ಎಲ್ಲರ ಮುಂದೆ ಓದಬೇಕಾದರೆ ಮುಖ ಸಣ್ಣದಾಗುತ್ತದೆ.

ರಿಪೇರಿ ಸಾಧ್ಯ. ನೂರು ಮನೆ ಬಿಟ್ಟು ಆರು ಸಾಲು, ಆರು ಅಂಕಣದ 36 ಮನೆ ಸಾಕು. ಹಾವಿನ ಬಾಯಲ್ಲಿ ನಿಂತವರಿಗೆ ತಪ್ಪಿಸಿಕೊಳ್ಳಲು ಒಂದು ಅವಕಾಶ ಕೊಡಿ: ತಂಡ ಒಂದು ನಿಮಿಷ ಕೂಡಿ ಮಾತಾಡಿ, ಯಾರ ಹತ್ತಿರ ಹೋಗಬಹುದು, ಏನು ಹೇಳಬಹುದು ಅಂತ ಎರಡು ದಾರಿ ಹೇಳಲಿ. ಅಕ್ಕೋರು, ಅಂಗನವಾಡಿ ಕಾರ್ಯಕರ್ತೆ, 1098 ಸಹಾಯವಾಣಿ, ಏನಾದರೂ ಸರಿ. ಎದುರು ತಂಡ ಒಪ್ಪಿದರೆ ಜಾರುವಂತಿಲ್ಲ. ಆಗ ಎದುರಿನವರು ಹಾಕುವ ಅಡ್ಡ ಪ್ರಶ್ನೆಗಳೇ ಆಟದ ಒಳ್ಳೆಯ ಭಾಗ: ‘ರಾತ್ರಿ ಹೊತ್ತು ಆದರ?’, ‘ಫೋನ್ ಅಪ್ಪನ ಕೈಯಾಗ ಇದ್ದರ?’ ಹಾಸು ಹಳೆಯ ಬೆಡ್‌ಶೀಟಿನದಾಗಲಿ. ಪಿವಿಸಿ ಫ್ಲೆಕ್ಸ್ ರಾಜ್ಯದಲ್ಲಿ 2016ರಿಂದ ನಿಷೇಧ. ಅದು ಹಾಗಿರಲಿ, ಏಪ್ರಿಲ್ ಬಿಸಿಲಲ್ಲಿ ಅದರ ಮೇಲೆ ಬರಿಗಾಲಿಟ್ಟರೆ ಮಕ್ಕಳು ಕುಣಿಯುವುದು ಖುಷಿಗಲ್ಲ.

ಚೌಕಾಬಾರಾ ಇದಕ್ಕಿಂತ ಎಷ್ಟೋ ವಾಸಿ. ಶಹಾಬಾದ್ ಫರಸಿ ಕಲ್ಲು ಹಾಸಿದ ಕಟ್ಟೆ ಇದ್ದರೆ ಸೀಮೆಸುಣ್ಣದಲ್ಲಿ ಐದೈದರ 25 ಮನೆ ಬರೆಯುವುದು ಎರಡು ನಿಮಿಷದ ಕೆಲಸ. ನಾಲ್ಕು ಹುಣಸೆ ಬೀಜದ ಒಂದೊಂದು ಬದಿ ಕಲ್ಲಿಗೆ ತಿಕ್ಕಿ ಬಿಳಿ ಮಾಡಿದರೆ ಕವಡೆ ಬೇಕಿಲ್ಲ: ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕೂ ಕಪ್ಪಾದರೆ ಬಾರಾ. ಇಲ್ಲೂ ಅದೃಷ್ಟ ಇದೆ, ಆದರೆ ಬೀಜ ಬಿದ್ದ ಮೇಲೆ ನಾಲ್ಕು ಕಾಯಿಯಲ್ಲಿ ಯಾವುದನ್ನು ನಡೆಸಬೇಕು ಅನ್ನುವುದು ಮಗುವಿನದೇ ಲೆಕ್ಕ. ಕಡಿಯಲೋ, ಕಟ್ಟೆಮನೆ ಸೇರಲೋ? ಪ್ರತಿ ಪಾಳಿಗೂ ಒಂದು ತೀರ್ಮಾನ. ಕಾಯಿ ಕಡಿಸಿಕೊಂಡು ಮತ್ತೆ ಮೊದಲಿಂದ ಹೊರಡುವುದೂ ಒಂದು ಪಾಠವೇ. ಇಂಥ ಒಂದು ಪಟದಲ್ಲಿ ನಾಲ್ವರೇ ಆಡಬಹುದಾದ್ದರಿಂದ 24 ಮಕ್ಕಳಿಗೆ ಆರು ಪಟ ಬರೆಯಬೇಕು, ಅಷ್ಟೆ. ಕಟ್ಟೆ ಮೇಲಿನ ಆಯಿ ಬಾಯಿ ಹಾಕದೆ ಇರುವುದಿಲ್ಲ: ‘ಅದಲ್ಲಪಾ, ಈ ಕಾಯಿ ನಡಸು.’ ಬೈದು ಕಳಿಸಬೇಡಿ. ಏಳನೆಯ ಪಟ ಬರೆದು ಆಕೆಯನ್ನೇ ಆಡಲು ಕೂರಿಸಿ. ಕುಂದು ಏನೆಂದರೆ ಮಾತು ಕಡಿಮೆ. ಗುಂಪಾಗಿ ಒಂದು ಕೆಲಸ ಮಾಡುವುದು ಈ ಆಟದಲ್ಲಿ ಬರುವುದಿಲ್ಲ.

ಅದು ಬರುವುದು ಲಗೋರಿಯಲ್ಲಿ. ಒಂದೇ ಆಟ ಆರಿಸಿ ಅಂದರೆ ನಮ್ಮ ಓಟು ಇದಕ್ಕೇ.

ಸಾಮಾನು: ಒಡೆದ ಫರಸಿಯ ಏಳು ಚಪ್ಪಟೆ ಚೂರು. ಕೆಳಗಿನದು ಒಂದು ಗೇಣಿನಷ್ಟು, ಮೇಲಿನದು ಅಂಗೈಯಷ್ಟು. ಹೊಸದಾಗಿ ಒಡೆದ ಫರಸಿಯ ಅಂಚು ಬ್ಲೇಡಿನಂತೆ ಇರುತ್ತದೆ, ಒರಟು ಕಲ್ಲಿಗೆ ತಿಕ್ಕಿಯೇ ಕೊಡಬೇಕು. ಚೆಂಡಿಗೆ ಟೆನಿಸ್ ಬಾಲ್ ಬೇಡ, ಬೆನ್ನಿಗೆ ಬಿದ್ದರೆ ಚುರುಕ್ ಅನ್ನುತ್ತದೆ. ಎರಡು ಸಲ ಪೆಟ್ಟು ತಿಂದ ಮಗು ಮೂರನೆಯ ಸಲ ಅಂಚಿಗೆ ಸರಿದು ನಿಲ್ಲುತ್ತದೆ. ಹಳೆಯ ಕಾಲುಚೀಲದಲ್ಲಿ ಅರಿವೆ ತುಂಬಿ, ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದ ಚೆಂಡು ಸಾಕು. ಎಸೆಯುವ ಗೀಟು ಮಕ್ಕಳ ಹೆಜ್ಜೆಯಲ್ಲಿ ಹನ್ನೆರಡು ಹೆಜ್ಜೆ ದೂರ. ಎರೆ ನೆಲ ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಲ್ಲು ವಾಲುತ್ತದೆ, ಮಳೆಯಲ್ಲಿ ಕಾಲಿಗೆ ಮೆತ್ತುತ್ತದೆ. ಸಾಲಿ ಅಂಗಳ ಅಥವಾ ಗುಡಿ ಮುಂದಿನ ಗಟ್ಟಿ ನೆಲ ನೋಡಿಕೊಳ್ಳಿ.

ಏಳು ನಿಮಿಷದ ನಾಲ್ಕು ಸುತ್ತು, ನಡುನಡುವೆ ಮೂರು ನಿಮಿಷ ಸಭೆ. ಇಡೀ ಆಟದ ಜೀವ ಈ ಮೂರು ನಿಮಿಷದಲ್ಲಿದೆ. ಮೊದಲ ಸುತ್ತನ್ನು ಊರಿನ ರೂಢಿಯಂತೆಯೇ ಆಡಲು ಬಿಡಿ, ಏನೂ ಹೇಳಬೇಡಿ. ಮೂರು ಮಂದಿ ದೊಡ್ಡ ಹುಡುಗರೇ ಎಸೆದು, ಓಡಿ, ಕಲ್ಲು ಜೋಡಿಸಿ ಮುಗಿಸುತ್ತಾರೆ; ಉಳಿದವರು ಚೀರುತ್ತಾರೆ. ಸುತ್ತು ಮುಗಿದ ಮೇಲೆ ಎಲ್ಲರೂ ಗೋಲಾಗಿ ಕೂರಲಿ. ಕೇಳುವ ಪ್ರಶ್ನೆ ಒಂದೇ: ‘ಕಲ್ಲು ಮುಟ್ಟದವರು ಯಾರು?’ ಕೈ ಎತ್ತಿದವರನ್ನು ಮಕ್ಕಳೇ ಎಣಿಸಲಿ. ಆಮೇಲೆ ಪ್ರತಿ ತಂಡ ಒಂದು ಹೊಸ ನಿಯಮ ಹೇಳಬಹುದು. ಎರಡೂ ತಂಡ ಒಪ್ಪಬೇಕು. ಒಂದು ಸುತ್ತು ಆಡಿ ನೋಡಿ, ಬೇಡವಾದರೆ ಕೈಬಿಡಬೇಕು. ಎರಡನೆಯ ಅಥವಾ ಮೂರನೆಯ ಸಭೆಯ ಹೊತ್ತಿಗೆ ‘ಏಳು ಕಲ್ಲಿಗೆ ಏಳು ಕೈ’ ಎಂಬ ನಿಯಮ ಒಂದಲ್ಲ ಒಂದು ರೂಪದಲ್ಲಿ ಮಕ್ಕಳ ಬಾಯಿಂದಲೇ ಬರುತ್ತದೆ: ಒಬ್ಬರು ಒಂದೇ ಕಲ್ಲು ಇಡಬೇಕು. ಅಲ್ಲಿಗೆ ಆಟದ ಲೆಕ್ಕವೇ ಬದಲಾಗುತ್ತದೆ. ನಿಧಾನದ ಹುಡುಗಿಗೆ ಯಾರಾದರೂ ಮರೆಯಾಗಿ ನಿಲ್ಲಬೇಕು, ಚೆಂಡಿನ ಗಮನ ಬೇರೆ ಕಡೆ ಸೆಳೆಯಬೇಕು, ಯಾರು ಯಾವಾಗ ಓಡಬೇಕು ಅಂತ ಮೊದಲೇ ಮಾತಾಡಿಕೊಳ್ಳಬೇಕು.

ಹೆಚ್ಚು ಕೆಡುವುದು ಇಲ್ಲೇ. ಹಿರಿಯರಿಗೆ ತಡೆಯುವುದಿಲ್ಲ, ಆ ನಿಯಮವನ್ನು ಮೊದಲ ಸುತ್ತಿಗೇ ತಾವೇ ಹೇಳಿಬಿಡುತ್ತಾರೆ. ಹೇಳಿದ ನಿಯಮ ಹಿರಿಯರ ಬೆನ್ನು ತಿರುಗಿದ ಕೂಡಲೇ ಮಾಯ. ಮಕ್ಕಳು ಮಾಡಿಕೊಂಡದ್ದು ಮುಂದಿನ ವಾರವೂ ಉಳಿದಿರುತ್ತದೆ. ‘ಬಡಿದದ, ಬಡಿದಿಲ್ಲ’ ಜಗಳಕ್ಕೆ ಪ್ರತಿ ಸುತ್ತಿಗೂ ಇಬ್ಬರು ಅಂಪೈರ್ ಬದಲಾಗಲಿ, ಹೆಚ್ಚು ಜಗಳ ತೆಗೆಯುವವರಿಗೇ ಮೊದಲ ಪಾಳಿ. ಕಣ್ಣು ಮಂದ ಇರುವ ಮಗು ಇದ್ದರೆ ಚೆಂಡಿಗೆ ಎರಡು ಗೆಜ್ಜೆ ಕಟ್ಟಿ. ಇನ್ನೊಂದು ಲಾಭ ಭಾಷೆಯದು. ಗುರುಮಠಕಲ್ ಕಡೆ ತೆಲುಗು, ಔರಾದ್ ಕಡೆ ಮರಾಠಿ, ತಾಂಡಾದಲ್ಲಿ ಲಂಬಾಣಿ, ಓಣಿಯಲ್ಲಿ ದಖನಿ ಉರ್ದು. ಓದಬೇಕಾದ ಹಾವು-ಏಣಿಯಲ್ಲಿ ಹಿಂದೆ ಉಳಿಯುವ ಮಗು ಲಗೋರಿಯಲ್ಲಿ ಉಳಿಯುವುದಿಲ್ಲ.

ನಾಟಕಕ್ಕೆ ಬಲ ಬಹಳ, ಅಪಾಯವೂ ಅಷ್ಟೇ. ಐದು ನಿಮಿಷದ ದೃಶ್ಯ: ತೊಗರಿ ರಾಶಿ ಮುಗಿಯುವ ತನಕ ತಮ್ಮನನ್ನು ಆಡಿಸಿಕೊಂಡು ಮನೆಯಲ್ಲಿರು ಅಂತ ತಂದೆ ಹುಡುಗಿಗೆ ಹೇಳುತ್ತಾನೆ. ಬಿಕ್ಕಟ್ಟಿನಲ್ಲಿ ‘ನಿಲ್ಲಿಸು’ ಅಂದವರು ಎದ್ದುಹೋಗಿ ಆ ಹುಡುಗಿಯ ಜಾಗದಲ್ಲಿ ನಿಂತು ಬೇರೆ ಥರ ಆಡಿ ತೋರಿಸಬೇಕು. ತಂದೆಯ ಜಾಗಕ್ಕೆ ಯಾರೂ ಹೋಗುವಂತಿಲ್ಲ. ತಂದೆಯನ್ನು ಒಳ್ಳೆಯವನಾಗಿಸಿಬಿಟ್ಟರೆ ಕಷ್ಟವೇ ಉಳಿಯದು, ಕಲಿಯುವುದಕ್ಕೂ ಏನೂ ಇರದು. ಕುಡುಕನ ಪಾತ್ರ ಬಂತೆಂದರೆ ನಗೆಯಲ್ಲೇ ಎಲ್ಲಾ ಮುಳುಗುತ್ತದೆ, ಆ ನಡಿಗೆ ಊರಿನ ಯಾರದೆಂದು ಎಲ್ಲರಿಗೂ ಗೊತ್ತು. ಊರಿನವರ ಹೆಸರು, ನಡಿಗೆ ಬೇಡ ಅಂತ ಮೊದಲೇ ಗೊತ್ತು ಮಾಡಿ. ಪಾತ್ರಕ್ಕೊಂದು ಟವೆಲ್ ಇರಲಿ. ಮುಗಿದ ಮೇಲೆ ತೆಗೆದಿಟ್ಟು ತಮ್ಮ ಹೆಸರು ಹೇಳಿ ಕೂರಲಿ. ಯಾವುದಾದರೂ ಮಗು ತನ್ನ ಮೇಲಾದ ದೌರ್ಜನ್ಯ ಹೇಳಿಬಿಟ್ಟರೆ ಗುಂಪಿನೆದುರು ಕೆದಕಬಾರದು. ಲೈಂಗಿಕ ದೌರ್ಜನ್ಯವಾದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಇದು ಗೊತ್ತಿಲ್ಲದವರು ಈ ಆಟ ಆಡಿಸಬಾರದು.

ಊರ ನಕ್ಷೆಗೆ ತೊಂಬತ್ತು ನಿಮಿಷ ಬೇಕು. ರಂಗೋಲಿ ಪುಡಿಯಲ್ಲಿ ದಾರಿ, ಬೂದಿಯಲ್ಲಿ ಚರಂಡಿ, ತೊಗರಿ ಹೊಟ್ಟಿನಲ್ಲಿ ಹೊಲ, ಹೆದರಿಕೆಯ ಜಾಗಕ್ಕೆ ಇಟ್ಟಿಗೆ ಪುಡಿ. ಹುಡುಗರು, ಹುಡುಗಿಯರು ಬೇರೆಬೇರೆ ಬರೆಯಲಿ. ಹುಡುಗರ ನಕ್ಷೆಯಲ್ಲಿ ಕೆರೆ, ಕ್ರಿಕೆಟ್ ಬಯಲು ದೊಡ್ಡದಾಗಿ ಬಂದರೆ, ಹುಡುಗಿಯರದರಲ್ಲಿ ನೀರಿನ ಟಾಕಿ, ಬಯಲಿಗೆ ಹೋಗುವ ದಾರಿ, ಬಸ್‌ಸ್ಟ್ಯಾಂಡಿನ ಪಾನ್ ಅಂಗಡಿ ಮೇಲೆ ಕೆಂಪು. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಹುಟ್ಟುವ ಮಾತು ಬೇರೆ ಯಾವ ಆಟದಲ್ಲೂ ಹುಟ್ಟುವುದಿಲ್ಲ. ಕೋಲು ಹಿರಿಯರ ಕೈಗೆ ಹೋಯಿತೋ, ನಕ್ಷೆ ಹಿರಿಯರದೇ. ಅಳಿಸುವ ಮುಂಚೆ ಚಾರ್ಟಿಗೆ ಇಳಿಸಿಕೊಳ್ಳಿ.

ಇದೊಂದೇ ಆಟ ನೇರವಾಗಿ ಪಂಚಾಯ್ತಿಗೆ ನಡೆದುಹೋಗುತ್ತದೆ. ಮಕ್ಕಳ ಗ್ರಾಮಸಭೆಗೆ ರಾಜ್ಯದಲ್ಲಿ 2006ರಿಂದ ಸರ್ಕಾರಿ ಆದೇಶವಿದೆ, ಸಾಮಾನ್ಯವಾಗಿ ನವೆಂಬರ್ ಸುಮಾರಿಗೆ ನಡೆಯುತ್ತದೆ. ಆದರೆ ದೀಪಾವಳಿ ಹೊತ್ತಿಗೆ ಗುಳೆ ಹೋಗುವ ಮನೆಗಳ ಮಕ್ಕಳು ಊರಲ್ಲೇ ಇರುವುದಿಲ್ಲ, ಹತ್ತಿ ಬಿಡಿಸುವ ಕಾಲವೂ ಅದೇ. ನಕ್ಷೆಯನ್ನು ಸೆಪ್ಟೆಂಬರಿನಲ್ಲೇ ಮಾಡಿ, ಮೂರೇ ಬೇಡಿಕೆ ಆರಿಸಿ, ಮಕ್ಕಳ ಸಹಿಯ ಅರ್ಜಿಗೆ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಕಚೇರಿಯ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಮೊಹರಿಲ್ಲದ ಅರ್ಜಿಯನ್ನು ಮುಂದಿನ ಸಭೆಯಲ್ಲಿ ಯಾರೂ ನೆನಪಿಸಿಕೊಳ್ಳುವುದಿಲ್ಲ. ವೇದಿಕೆ ಮೇಲೆ ಫಲಕ ಹಿಡಿಸಿ ನಿಲ್ಲಿಸುವುದು ಭಾಗವಹಿಸುವಿಕೆಯಲ್ಲ. ಮಕ್ಕಳ ಭಾಗವಹಿಸುವಿಕೆ ಅಳೆಯಲು ರೋಜರ್ ಹಾರ್ಟ್ 1992ರಲ್ಲಿ ಬರೆದ ಎಂಟು ಮೆಟ್ಟಿಲ ಏಣಿಯಲ್ಲಿ ಅದಕ್ಕೆ ಅಲಂಕಾರ ಎಂದೇ ಹೆಸರು.

ಹೊಸದಾಗಿ ಶುರುಮಾಡುವವರು ಮೊದಲ ಮೂರು ವಾರ ಲಗೋರಿ, ಸೆಕೆ ಅಥವಾ ಮಳೆ ಇದ್ದ ದಿನ ಚೌಕಾಬಾರಾ, ನಾಲ್ಕನೆಯ ವಾರ ನಕ್ಷೆ ಇಟ್ಟುಕೊಳ್ಳಬಹುದು. ನಾಟಕಕ್ಕೆ ಎರಡು ತಿಂಗಳಾದರೂ ಕಾಯಿರಿ, ಮಕ್ಕಳಿಗೆ ನಿಮ್ಮ ಮೇಲೆ ನಂಬಿಕೆ ಬರಲಿ. ಹಾವು-ಏಣಿಯ ಹಾಸು ಆಗಲೇ ಕೊಂಡಿದ್ದರೆ ಎಸೆಯಬೇಡಿ. ಹಿಂದಿನ ಬದಿ ಖಾಲಿ ಇರುತ್ತದೆ, ಅದರ ಮೇಲೆ ಚೌಕಾಬಾರಾದ ನಾಲ್ಕು ಪಟ ಆರಾಮಾಗಿ ಹಿಡಿಸುತ್ತವೆ.