ಪ್ಯಾರಿಸ್, ಸ್ವೀಡನ್, ಟೋಕಿಯೋ: ಯಾವ ಥ್ರಿಲ್ಲರ್ ಮೊದಲು?

ಹೊರದೇಶದಲ್ಲಿ ನಡೆಯುವ ಒಳ್ಳೆಯ ಥ್ರಿಲ್ಲರ್ ಹೇಳಿ ಅಂದರೆ ಈ ಮೂರು ಹೆಸರು ಬಂದೇ ಬರುತ್ತವೆ: ಫ್ರೆಡರಿಕ್ ಫೋರ್ಸಿತ್ ಬರೆದ ‘ದಿ ಡೇ ಆಫ್ ದಿ ಜಾಕಲ್’, ಸ್ಟೀಗ್ ಲಾರ್ಸನ್‌ರ ‘ದಿ ಗರ್ಲ್ ವಿತ್ ದಿ ಡ್ರ್ಯಾಗನ್ ಟ್ಯಾಟೂ’, ಕೇಗೋ ಹಿಗಾಶಿನೋರ ‘ದಿ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್’. ಮೂರನ್ನೂ ಇಂಗ್ಲಿಷ್‌ನಲ್ಲೇ ಓದಿದೆ. ಮೂರೂ ನಿದ್ದೆ ಕೆಡಿಸುತ್ತವೆ, ಆದರೆ ಒಂದೊಂದರ ದಾರಿಯೂ ಬೇರೆ.

ಜಾಕಲ್ ಕಥೆ 1963ರದ್ದು. ಫ್ರಾನ್ಸ್ ಅಧ್ಯಕ್ಷ ಡಿ ಗಾಲ್ ಅವರನ್ನು ಕೊಲ್ಲಲು ಒಬ್ಬ ಬಾಡಿಗೆ ಹಂತಕ ಹೊರಡುತ್ತಾನೆ. ಡಿ ಗಾಲ್ ತೀರಿಕೊಂಡದ್ದು 1970ರಲ್ಲಿ, ಅದೂ ಸಹಜ ಸಾವು. ಪುಸ್ತಕ ಬಂದದ್ದು 1971ರಲ್ಲಿ. ಅಂದರೆ ಹಂತಕ ಗೆಲ್ಲಲ್ಲ ಅಂತ ಮೊದಲ ಪುಟಕ್ಕೇ ಗೊತ್ತು, ಆದರೂ ಕೆಳಗಿಡೋಕೆ ಆಗಲ್ಲ! ಎಳೆದುಕೊಂಡು ಹೋಗುವುದು ಅವನ ತಯಾರಿ. ಸತ್ತ ಮಗುವಿನ ಜನನ ಪತ್ರ ತೆಗೆದು ಅದರ ಮೇಲೆ ಪಾಸ್‌ಪೋರ್ಟ್ ಮಾಡಿಸುತ್ತಾನೆ. ಆರ್ಡೆನ್ ಕಾಡಿನಲ್ಲಿ ಒಂದು ಹಣ್ಣಿಗೆ ಮುಖ ಬರೆದು, ಮರಕ್ಕೆ ನೇತುಹಾಕಿ, ಬಂದೂಕಿನ ಗುರಿಯನ್ನು ಚೂರುಚೂರೇ ಸರಿಮಾಡಿಕೊಳ್ಳುತ್ತಾನೆ. ಇಷ್ಟಾದರೂ ಅವನು ಯಾಕೆ ಹೀಗೆ, ಅವನೊಳಗೆ ಏನಿದೆ ಅನ್ನುವುದು ಮಾತ್ರ ಸಿಗಲ್ಲ. ನನಗೆ ಅದೊಂದು ಕೊರತೆಯೇ.

ಡ್ರ್ಯಾಗನ್ ಟ್ಯಾಟೂ ಇದಕ್ಕೆ ಪೂರ್ತಿ ಉಲ್ಟಾ, ಎಲ್ಲವನ್ನೂ ಮುಚ್ಚಿಡುತ್ತದೆ. 1966ರಲ್ಲಿ ಒಂದು ದ್ವೀಪದ ಸೇತುವೆ ಮೇಲೆ ಅಪಘಾತವಾಗಿ ದಾರಿ ಬಂದ್ ಆಗಿರುತ್ತದೆ, ಅದೇ ದಿನ ಹುಡುಗಿಯೊಬ್ಬಳು ಕಾಣೆಯಾಗುತ್ತಾಳೆ. ಯಾರೂ ಹೊರಗೆ ಹೋಗುವಂತಿಲ್ಲ, ಒಳಗೆ ಬರುವಂತಿಲ್ಲ. ಎಂಥಾ ಗಂಟು ಅಲ್ವಾ? ಆದರೆ ಅಲ್ಲಿಗೆ ಬರುವ ಮೊದಲು ಒಬ್ಬ ಉದ್ಯಮಿಯ ಹಣದ ವ್ಯವಹಾರ, ಮಾನನಷ್ಟ ಮೊಕದ್ದಮೆ ಅಂತ ಪುಟಗಟ್ಟಲೆ ಎಳೆತ. ಕಾಣೆಯಾದ ಹುಡುಗಿಯ ವಾಂಗರ್ ಮನೆತನದ ಹೆಸರುಗಳು ಬೇರೆ, ಯಾರು ಯಾರಿಗೆ ಏನಾಗಬೇಕು ಅಂತ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಹೆಣ್ಣಿನ ಮೇಲಿನ ಹಿಂಸೆಯ ದೃಶ್ಯಗಳು ತುಂಬಾ ಕ್ರೂರವಾಗಿವೆ, ಓದಲಾಗದವರು ಬಿಟ್ಟುಬಿಡಿ. ಹುಡುಕಾಟಕ್ಕೆ ಹ್ಯಾಕರ್ ಲಿಸ್ಬೆತ್ ಸಲಾಂಡರ್ ಬಂದ ಮೇಲೆ ಮಾತ್ರ ಕಥೆ ಓಡುತ್ತದೆ.

ಸಸ್ಪೆಕ್ಟ್ ಎಕ್ಸ್ ಮೂರರಲ್ಲಿ ಚಿಕ್ಕದು, ನನ್ನ ಲೆಕ್ಕದಲ್ಲಿ ಗಟ್ಟಿಯೂ ಅದೇ. ಊಟದ ಡಬ್ಬಿ ಮಾರುವ ಅಂಗಡಿಯ ಯಾಸುಕೋ ತನ್ನ ಮಾಜಿ ಗಂಡನನ್ನು ಕೊಲ್ಲುವುದು ಶುರುವಿನಲ್ಲೇ ನಮ್ಮ ಕಣ್ಣೆದುರಿಗೇ ನಡೆಯುತ್ತದೆ. ಪಕ್ಕದ ಮನೆಯ ಗಣಿತ ಮೇಷ್ಟ್ರು ಇಶಿಗಾಮಿ ಅದನ್ನು ಮುಚ್ಚಿಹಾಕಲು ನಿಲ್ಲುತ್ತಾನೆ. ಸಾರ್ವಜನಿಕ ಫೋನಿನಿಂದ ಕರೆ ಮಾಡಿ, ಪೊಲೀಸರು ಏನು ಕೇಳಬಹುದು, ಏನು ಹೇಳಬೇಕು ಅಂತ ಅವಳಿಗೆ ತಯಾರಿ ಮಾಡಿಸುತ್ತಾನೆ. ಪೊಲೀಸರ ಕಡೆ ಅವನ ಕಾಲೇಜಿನ ಹಳೇ ಗೆಳೆಯ, ಭೌತವಿಜ್ಞಾನಿ ಯುಕಾವಾ. ಚೇಸಿಂಗ್ ಇಲ್ಲ, ಗುಂಡಿನ ಸದ್ದಿಲ್ಲ, ಇಬ್ಬರು ಬುದ್ಧಿವಂತರು ಸುಮ್ನೆ ಕೂತು ಮಾತಾಡುತ್ತಾರೆ, ನಮಗೆ ಬೆವರು. ಕೊಲೆಗಾರರು ಯಾರು ಅಂತ ಗೊತ್ತಿದ್ದೂ ನನಗೆ ಕೊನೆಯವರೆಗೂ ಅಸಲಿ ವಿಷಯ ಹೊಳೆಯಲಿಲ್ಲ.

ಹಾಗಾಗಿ ಈ ಜಾತಿಯ ಪುಸ್ತಕ ಹೊಸದಾಗಿ ಹಿಡಿಯುವವರು ಇದನ್ನೇ ಮೊದಲು ಓದಿ, ಸಿನಿಮಾ ಆಮೇಲೆ ನೋಡಿ. ಇದರ ಗುಟ್ಟು ಒಂದೇ, ಅದು ಬಯಲಾದರೆ ಅರ್ಧ ಮಜಾ ಹೋಯಿತು. ಜಾಕಲ್‌ಗೆ ಆ ಭಯ ಇಲ್ಲ, ಸಿನಿಮಾ ನೋಡಿದ ಮೇಲೂ ಆರಾಮಾಗಿ ಓದಬಹುದು.