ಸ್ವಚ್ಛ ಸರ್ವೇಕ್ಷಣೆಯ ನಾಗರಿಕ ಅಭಿಪ್ರಾಯ ನಮೂನೆ: ತುಂಬಿದವನೊಬ್ಬನ ವಿಮರ್ಶೆ

ನಗರಗಳ ಸ್ವಚ್ಛತೆಯನ್ನು ಅಳೆದು ಸ್ಥಾನ ಕೊಡುವ ಕೇಂದ್ರ ಸರ್ಕಾರದ ಸ್ವಚ್ಛ ಸರ್ವೇಕ್ಷಣೆ 2016ರಲ್ಲಿ 73 ನಗರಗಳೊಂದಿಗೆ ಆರಂಭವಾಯಿತು. ಆ ಮೊದಲ ಪಟ್ಟಿಯ ಅಗ್ರಸ್ಥಾನ ಮೈಸೂರಿಗೆ ಸಂದದ್ದು ಕನ್ನಡಿಗರಿಗೆ ನೆನಪಿದ್ದೀತು. 2020ರ ಹೊತ್ತಿಗೆ ನಾಲ್ಕು ಸಾವಿರಕ್ಕೂ ಹೆಚ್ಚು ಊರುಗಳು ಈ ಪೈಪೋಟಿಗೆ ಸೇರಿದ್ದವು. ಆ ವರ್ಷದ ಒಟ್ಟು 6000 ಅಂಕಗಳಲ್ಲಿ 1500 ಅಂಕಗಳನ್ನು ನಾಗರಿಕರ ಅಭಿಪ್ರಾಯಕ್ಕೆಂದೇ ಮೀಸಲಿಡಲಾಗಿತ್ತು. ಊರಿನ ಅಂಕಗಳ ಕಾಲು ಭಾಗವಾಗಿದ್ದ ಆ ಅಭಿಪ್ರಾಯವನ್ನು ಕೇಳಿದ ನಮೂನೆಯನ್ನು ನಾನು ತುಂಬಿದ್ದೇನೆ. ಇಲ್ಲಿ ಬರೆಯುತ್ತಿರುವುದು ಆ ನಮೂನೆಯ ಬಗ್ಗೆಯೇ ಹೊರತು ನಮ್ಮ ಊರಿನ ಕಸದ ಬಗ್ಗೆ ಅಲ್ಲ.

ಬಳಕೆಯ ದೃಷ್ಟಿಯಿಂದ ದೂರುವಂಥದ್ದೇನೂ ಇಲ್ಲ. ಪ್ರಶ್ನೆಗಳು ಬೆರಳೆಣಿಕೆಯಷ್ಟು, ಮೊಬೈಲಿನಲ್ಲಿ ಕೆಲವೇ ನಿಮಿಷಗಳ ಕೆಲಸ. ಸ್ಮಾರ್ಟ್‌ಫೋನ್ ಇಲ್ಲದವರಿಗೆ 1969 ಎಂಬ ದೂರವಾಣಿ ಸಂಖ್ಯೆಯೂ ಇತ್ತು. ಅರ್ಜಿ ಬರೆಯುವುದೆಂದರೆ ಬೆವರುವ ನಮ್ಮ ಮನೆಯ ಹಿರಿಯರು ಕೂಡ ಇದನ್ನು ಯಾರ ಸಹಾಯವೂ ಇಲ್ಲದೆ ಮುಗಿಸಿದರು.

ತೊಡಕು ಇರುವುದು ಪ್ರಶ್ನೆಗಳಲ್ಲಿ. ಮೊದಲನೆಯದು, ನಿಮ್ಮ ನಗರ ಈ ಸರ್ವೇಕ್ಷಣೆಯಲ್ಲಿ ಭಾಗವಹಿಸುತ್ತಿರುವುದು ನಿಮಗೆ ಗೊತ್ತಿದೆಯೇ ಎಂಬುದು. ಗೊತ್ತಿದೆ ಎಂದರೆ ಊರಿಗೆ ಲಾಭ. ಆದರೆ ಅದರಿಂದ ತಿಳಿಯುವುದು ಪ್ರಚಾರದ ಫಲಕಗಳು ಎಷ್ಟು ಎತ್ತರವಾಗಿದ್ದವು ಎಂಬುದೇ ವಿನಾ ಚರಂಡಿ ಎಷ್ಟು ದಿನಕ್ಕೊಮ್ಮೆ ಸ್ವಚ್ಛವಾಯಿತು ಎಂಬುದಲ್ಲ. ಮತ್ತೊಂದು ಪ್ರಶ್ನೆ, ನಿಮ್ಮ ನೆರೆಹೊರೆಯ ಸ್ವಚ್ಛತೆಗೆ ಇನ್ನೂರಕ್ಕೆ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳುತ್ತಿತ್ತು. ನಾನು ಏನೋ ಒಂದಷ್ಟು ಅಂಕ ಕೊಟ್ಟೆ, ಅದಕ್ಕಿಂತ ಇಪ್ಪತ್ತು ಹೆಚ್ಚು ಅಥವಾ ಇಪ್ಪತ್ತು ಕಡಿಮೆ ಏಕೆ ಕೊಡಲಿಲ್ಲ ಎಂದು ಯಾರಾದರೂ ಕೇಳಿದ್ದರೆ ಉತ್ತರವಿರಲಿಲ್ಲ. ರಸ್ತೆ ವಿಭಜಕಗಳ ಮೇಲೆ ಗಿಡಗಳಿವೆಯೇ ಎಂಬ ಪ್ರಶ್ನೆಯೂ ಇತ್ತು. ನಮ್ಮ ಬಡಾವಣೆಯಲ್ಲಿ ವಿಭಜಕವಿರಲಿ, ಎರಡು ಆಟೋಗಳು ಎದುರುಬದುರಾದರೆ ಒಂದು ಹಿಂದೆ ಸರಿಯಬೇಕು. ಇಡೀ ನಮೂನೆಯಲ್ಲಿ ನನಗೆ ನಿಜವಾಗಿ ಉಪಯುಕ್ತವೆನಿಸಿದ್ದು, ಹಸಿ ಕಸ ಮತ್ತು ಒಣ ಕಸವನ್ನು ಬೇರ್ಪಡಿಸಿ ಕೊಡುವಂತೆ ಕಸ ಒಯ್ಯುವವರು ನಿಮ್ಮನ್ನು ಕೇಳುತ್ತಾರೆಯೇ ಎಂಬ ಪ್ರಶ್ನೆ. ಏಕೆಂದರೆ ಅದು ಅಭಿಪ್ರಾಯವನ್ನು ಬಿಟ್ಟು, ಮನೆ ಬಾಗಿಲಲ್ಲಿ ನಡೆದ ಸಂಗತಿಯನ್ನು ಕೇಳುತ್ತದೆ.

ಇನ್ನು ಉತ್ತರಗಳನ್ನು ಸಂಗ್ರಹಿಸುವ ರೀತಿ. ನಾನು ಆಗ ವಾಸವಿದ್ದ ಊರಿನಲ್ಲಿ (ಹೆಸರು ಬೇಡ) ಸ್ಥಳೀಯ ಸಂಸ್ಥೆಯ ಸಿಬ್ಬಂದಿ ಮನೆಮನೆಗೆ ಬಂದು ಮೊಬೈಲ್ ಸಂಖ್ಯೆ ಬರೆದುಕೊಂಡು, ‘ಓಟಿಪಿ ಹೇಳಿ ಸಾಕು, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ’ ಎಂದರು. ಪಕ್ಕದ ಮನೆಯವರು ಹೇಳಿಯೂ ಬಿಟ್ಟರು. ಸಿಬ್ಬಂದಿಯ ಮೇಲೆ ನನಗೆ ಕೋಪವಿಲ್ಲ, ಮೇಲಿನಿಂದ ಗುರಿ ಕೊಟ್ಟಿದ್ದರೆ ಅವರು ತಾನೆ ಏನು ಮಾಡಿಯಾರು? ಆದರೆ ಪರೀಕ್ಷೆ ಬರೆಯುವವನ ಕೈಯಲ್ಲೇ ಉತ್ತರಪತ್ರಿಕೆಯನ್ನು ತಿದ್ದುವ ಕೆಂಪು ಶಾಯಿಯೂ ಇದ್ದಾಗ ಬಂದ ಅಂಕವನ್ನು ಯಾರು ನಂಬಬೇಕು?

ಇದಕ್ಕಿಂತ ಒಳ್ಳೆಯ ಮಾದರಿ ನಮ್ಮ ನಾಡಿನಲ್ಲೇ ಹುಟ್ಟಿದೆ ಎಂಬುದರಿಂದ ನನ್ನ ಅಸಮಾಧಾನ ಹೆಚ್ಚು. ಅರ್ಥಶಾಸ್ತ್ರಜ್ಞ ಸ್ಯಾಮ್ಯುಯೆಲ್ ಪಾಲ್ ಅವರ ನೇತೃತ್ವದಲ್ಲಿ 1994ರಲ್ಲಿ ಬೆಂಗಳೂರಿನಲ್ಲಿ ಹೊರಬಂದ ನಾಗರಿಕ ವರದಿಪಟ್ಟಿಯು, ಶಾಲಾ ಮಕ್ಕಳ ಪ್ರಗತಿಪತ್ರದಂತೆ, ಪಾಲಿಕೆ, ಜಲಮಂಡಳಿ, ವಿದ್ಯುತ್, ದೂರವಾಣಿ, ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಮೊದಲಾದ ಒಂದೊಂದು ಸಂಸ್ಥೆಗೂ ಪ್ರತ್ಯೇಕ ಅಂಕ ಕೊಟ್ಟಿತು. ಆಯಾ ಸಂಸ್ಥೆಯೊಂದಿಗೆ ವ್ಯವಹರಿಸಿದವರನ್ನು ಹುಡುಕಿ, ಕೆಲಸ ಆಯಿತೇ, ಸಿಬ್ಬಂದಿ ಹೇಗೆ ನಡೆದುಕೊಂಡರು, ಲಂಚ ಕೊಡಬೇಕಾಯಿತೇ ಎಂದು ಕೇಳಲಾಯಿತು. ಕೊಳೆಗೇರಿಗಳ ನಿವಾಸಿಗಳ ಅನುಭವವನ್ನೂ ಪ್ರತ್ಯೇಕವಾಗಿ ದಾಖಲಿಸಲಾಯಿತು. ತೃಪ್ತರಾದವರ ಸರಾಸರಿ ಪ್ರಮಾಣ ಶೇಕಡಾ 9 ಮಾತ್ರ ಎಂದು ಹೇಳುವ ಧೈರ್ಯ ಆ ಪಟ್ಟಿಗಿತ್ತು. ಸಮೀಕ್ಷೆ ಒಂದು ಸಲಕ್ಕೆ ನಿಲ್ಲಲಿಲ್ಲ: 1999ರಲ್ಲಿ ಆ ಪ್ರಮಾಣ ಶೇಕಡಾ 34ಕ್ಕೂ 2003ರಲ್ಲಿ ಶೇಕಡಾ 49ಕ್ಕೂ ಏರಿತು. ಈ ಏರಿಕೆಯ ಪೂರ್ಣ ಶ್ರೇಯ ಸಮೀಕ್ಷೆಗೇ ಸಲ್ಲಬೇಕೆಂದು ನಾನು ಹೇಳಲಾರೆ, ಅಂದಿನ ಮುಖ್ಯಮಂತ್ರಿ ಎಸ್. ಎಂ. ಕೃಷ್ಣ ಅವರು ನಗರದ ಸುಧಾರಣೆಗೆಂದು 1999ರಲ್ಲಿ ರಚಿಸಿದ ಬೆಂಗಳೂರು ಅಜೆಂಡಾ ಕಾರ್ಯಪಡೆಯೂ ಆ ಅವಧಿಯಲ್ಲಿತ್ತು. ಆದರೂ ಯಾವ ಸಂಸ್ಥೆ ಹಿಂದುಳಿದಿದೆ ಎಂಬುದು ಹೆಸರು ಸಮೇತ ಪತ್ರಿಕೆಗಳಲ್ಲಿ ಬಂದಾಗ ಅಧಿಕಾರಿಗಳಿಗೆ ತಟ್ಟಿದ ಬಿಸಿ, ಊರಿಗೆ ಸಿಗುವ ಒಂದೇ ಒಟ್ಟು ಸ್ಥಾನದಿಂದ ತಟ್ಟುವುದಿಲ್ಲ.

ಅಭಿಪ್ರಾಯವೂ ಅಳತೆಯೂ ಒಂದೇ ದಿಕ್ಕಿಗೆ ಮುಖ ಮಾಡಬೇಕೆಂದೇನೂ ಇಲ್ಲ. 2021ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ, ನಗರಗಳಲ್ಲಿ ಬದುಕು ಎಷ್ಟು ಸುಗಮ ಎಂದು ಅಳೆಯುವ ಸುಗಮ ಜೀವನ ಸೂಚ್ಯಂಕದಲ್ಲಿ, ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ನಗರಗಳ ಪೈಕಿ ದಾವಣಗೆರೆಗೆ ಒಂಬತ್ತನೆಯ ಸ್ಥಾನ ಬಂತು. ನಾಗರಿಕರ ಗ್ರಹಿಕೆಯನ್ನಷ್ಟೇ ನೋಡಿದರೆ ಭುವನೇಶ್ವರ, ಸಿಲ್ವಾಸಾಗಳ ನಂತರ ಅದೇ ಊರು ಮುಂದಿತ್ತು. ಬೆಣ್ಣೆದೋಸೆಯ ಊರಿನವರ ಮನಸ್ಸು ದೊಡ್ಡದು ಎಂದು ಗೆಳೆಯನೊಬ್ಬ ಚೇಷ್ಟೆ ಮಾಡಿದ. ನನಗಾದರೋ, ಈ ಅಂತರಕ್ಕೆ ಕಾರಣವೇನೆಂದು ತಿಳಿಯಲು ಇನ್ನೊಂದು ಪ್ರಶ್ನೆಯನ್ನು ಯಾರಾದರೂ ಕೇಳಬೇಕಿತ್ತು ಎನ್ನಿಸಿತು.

ಹಾಗಾದರೆ ಈ ನಮೂನೆಯನ್ನು ತುಂಬಬೇಕೇ? ತುಂಬಿ, ಆದರೆ ನೀವೇ ತುಂಬಿ, ಓಟಿಪಿಯನ್ನು ಬಾಗಿಲಿಗೆ ಬಂದವರಿಗೆ ಕೊಡಬೇಡಿ. ಸುಲಭತೆಗೆ ಐದಕ್ಕೆ ನಾಲ್ಕು ಅಂಕ, ಪ್ರಶ್ನೆಗಳಿಗೆ ಎರಡು ಅಂಕ ಕೊಡುತ್ತೇನೆ. ಕೊನೆಯಲ್ಲಿ ‘ಕಳೆದ ತಿಂಗಳು ನೀವು ದೂರು ಕೊಟ್ಟಿದ್ದಿರಾ, ಅದು ಏನಾಯಿತು’ ಎಂಬ ಒಂದು ಸಾಲು ಸೇರಿಸಿದರೆ ಇನ್ನೊಂದು ಅಂಕ ಕೊಡಲು ನಾನು ಸಿದ್ಧ.